ರಕ್ತದ ಕಲೆಯ ಓದು ಎಲ್ಲಿ ತಪ್ಪುತ್ತದೆ: ಕೊಡಗಿನ ಮನೆ, ತೋಟ, ಮಳೆಗೆ ಹೊಂದಿಸಿದ ದೋಷ ನಿವಾರಣೆ ಕೈಪಿಡಿ

ರಕ್ತದ ಕಲೆಯ ಅಗಲವನ್ನು ಉದ್ದದಿಂದ ಭಾಗಿಸಿ ಹನಿ ಬಡಿದ ಕೋನ ತೆಗೆಯುವುದು (ಆ ಅನುಪಾತವೇ ಕೋನದ ಸೈನ್) ಹತ್ತನೇ ಕ್ಲಾಸಿನ ಗಣಿತ. ವರದಿ ಹಳಿ ತಪ್ಪುವುದು ಸಾಮಾನ್ಯವಾಗಿ ಅದಕ್ಕೂ ಮುಂಚೆ, ಅಳೆಯಬಾರದ ಕಲೆಯನ್ನು ಅಳೆಯಲು ಕೂತಾಗ. ಆ ಕಲೆ ರಕ್ತವೇ ಆಗಿರಲಿಕ್ಕಿಲ್ಲ. ರಕ್ತವಾದರೂ ಹಂದಿಯದ್ದಿರಬಹುದು. ಮನುಷ್ಯರದ್ದೇ ಆದರೂ ಮೊನ್ನೆ ಇಂಬಳ (ಜಿಗಣೆ) ಕಚ್ಚಿದ ಕಾಲಿನದ್ದಿರಬಹುದು. ಕೊಡಗಿನಲ್ಲಿ ಈ ಮೂರೂ ದಿನನಿತ್ಯದ ಸಂಗತಿ. ಹಿತ್ತಲಲ್ಲಿ ಬಾಡು ಕಡಿಯುತ್ತಾರೆ, ತೋಟಕ್ಕೆ ಮೈಲುತುತ್ತು ಹೊಡೆಯುತ್ತಾರೆ, ನೆಲ ಕೆಂಪು ಗಾರೆಯದ್ದು, ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದಿಲ್ಲ.

ಸ್ಥಳಕ್ಕೆ ಮೊದಲು ಹೋಗುವ ತನಿಖಾಧಿಕಾರಿ, ಸೋಕೋ (ಅಪರಾಧ ಸ್ಥಳ ಪರಿಶೀಲಿಸುವ) ಸಿಬ್ಬಂದಿ, ಆಮೇಲೆ ವರದಿಯನ್ನು ಸಾಲುಸಾಲಾಗಿ ಓದುವ ವಕೀಲರು, ಈ ಮೂವರಿಗಾಗಿ ಇದನ್ನು ಬರೆದಿದೆ. ಖರ್ಚಿಲ್ಲದ ಪರಿಶೀಲನೆ ಮೊದಲು, ಲ್ಯಾಬ್ ಬೇಕಾದದ್ದು ಆಮೇಲೆ.

ಮುಟ್ಟುವ ಮುನ್ನ

ಒಣಗಿದ ರಕ್ತವೂ ಅಪಾಯವೇ. ಹೆಪಟೈಟಿಸ್ ಬಿ ವೈರಸ್ ಒಣ ಕಲೆಯಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಎರಡು ಪದರ ಗ್ಲೌಸ್, ಎನ್95 ಮಾಸ್ಕ್, ಕನ್ನಡಕ ಹಾಕಿ. ಒಣ ಕಲೆಯನ್ನು ಬ್ಲೇಡಿನಿಂದ ಕೆರೆಯುವಾಗ ಏಳುವ ಪುಡಿ ಮೂಗಿಗೆ ಹೋಗುತ್ತದೆ, ಆದ್ದರಿಂದ ಫ್ಯಾನ್ ಆರಿಸಿ. ಮನೆಯಲ್ಲಿ ಕೋವಿ ಇದ್ದರೆ, ಕೊಡಗಿನಲ್ಲಿ ಇರುವುದೇ ಹೆಚ್ಚು, ಗುಂಡು ತುಂಬಿದೆ ಎಂದೇ ತಿಳಿದು ನಡೆಯಿರಿ. ಕೋವಿ ಖಾಲಿ ಮಾಡಲು ಬಲ್ಲವರು ಬರುವವರೆಗೆ ಅದರತ್ತ ಕೈ ಚಾಚಬೇಡಿ. ನೆಲ ಒದ್ದೆಯಿದ್ದರೆ ಎಕ್ಸ್‌ಟೆನ್ಶನ್ ಬಾಕ್ಸನ್ನು ನೆಲದ ಮೇಲೆ ಇಡಬೇಡಿ. ಹಳೆಯ ಕಿಟ್‌ಗಳಲ್ಲಿ ಬೆಂಜಿಡೀನ್ ಇನ್ನೂ ಸಿಗುತ್ತದೆ. ಅದು ಕ್ಯಾನ್ಸರ್ ತರುವ ವಸ್ತು, ಪಕ್ಕಕ್ಕಿಡಿ.

ಇನ್ನೊಂದು ಎಚ್ಚರಿಕೆ ಮನೆಯವರಿಗೆ ಹೇಳಬೇಕಾದದ್ದು: ಫೋಟೋ, ಮಹಜರು, ಮಾದರಿ ಮೂರೂ ಮುಗಿಯುವ ತನಕ ನೆಲಕ್ಕೆ ನೀರು ಹಾಕಬಾರದು. ಮೈಲಿಗೆ ತೊಳೆಯುವ ಅವಸರದಲ್ಲಿ ಹೋದ ಕಲೆ ಮತ್ತೆ ಬರುವುದಿಲ್ಲ.

ಕಲೆ ಕಂಡಿದೆ, ಆದರೆ ಘಟನೆಗೂ ಅದಕ್ಕೂ ತಾಳೆಯಾಗುತ್ತಿಲ್ಲ

ಗಾಯವಾದ ಜಾಗ ಒಳಕೋಣೆ, ಕಲೆ ಇರುವುದು ಜಗಲಿ ಮೆಟ್ಟಿಲಲ್ಲಿ. ಇಂಥ ಹೊತ್ತಿನಲ್ಲಿ ಹೊಸ ಕಥೆ ಕಟ್ಟುವ ಮೊದಲು ಮನೆಯವರನ್ನು ಮೂರು ಪ್ರಶ್ನೆ ಕೇಳಿ. ಈ ವಾರ ಇಲ್ಲಿ ಏನು ಕಡಿದಿರಿ? ತೋಟದಿಂದ ಯಾರು ಬಂದರು? ಯಾರಿಗಾದರೂ ಗಾಯ, ಮೂಗಿನಲ್ಲಿ ರಕ್ತ?

ಇಂಬಳದ ವಿಷಯ ಸ್ವಲ್ಪ ವಿವರವಾಗಿ ನೋಡಬೇಕು, ಮಳೆಗಾಲದಲ್ಲಿ ಇದು ದಾರಿ ತಪ್ಪಿಸುವಷ್ಟು ಬೇರೇನೂ ತಪ್ಪಿಸುವುದಿಲ್ಲ. ಅದರ ಜೊಲ್ಲಿನಲ್ಲಿ ಹಿರುಡಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶಗಳಿವೆ. ಇಂಬಳ ಉದುರಿಹೋದ ಮೇಲೂ ಗಾಯ ಗಂಟೆಗಟ್ಟಲೆ ಜಿನುಗುತ್ತದೆ. ಕಾಫಿ ತೋಟದಿಂದ ಬಂದವರು ಗಮನಿಸದೆ ಜಗಲಿ ದಾಟಿ, ಬಚ್ಚಲಿಗೆ ಹೋಗಿ, ಅಡಿಗೆಮನೆಗೆ ಬಂದಿರುತ್ತಾರೆ. ಉಳಿಯುವ ಗುರುತು ಹೀಗಿರುತ್ತದೆ: ನೇರ ಕೆಳಗೆ ಬಿದ್ದ ದುಂಡು ಹನಿಗಳು, ನಡುವೆ ಹಿಮ್ಮಡಿಯ ಒಳಬದಿ ಸವರಿದ ಗೆರೆ, ಎಲ್ಲವೂ ಹೊಸ್ತಿಲಿಗೂ ಬಚ್ಚಲಿಗೂ ನಡುವಿನ ದಾರಿಯಲ್ಲಿ. ಗೋಡೆಯ ಮೇಲೆ ಎದೆಯೆತ್ತರಕ್ಕೆ ಏನೂ ಇರುವುದಿಲ್ಲ. ಪರೀಕ್ಷೆ ಮಾಡಿದರೆ ಮನುಷ್ಯರ ರಕ್ತ ಎಂದೇ ಬರುತ್ತದೆ, ಡಿಎನ್‌ಎ ಮನೆಯವರದ್ದೇ ಇರುತ್ತದೆ. ಇಲ್ಲಿ ಲ್ಯಾಬ್‌ಗಿಂತ ಅಗ್ಗದ ಸಾಧನ ಬಾಗಿಲಲ್ಲಿ ಬಿಟ್ಟ ಕಾಲುಚೀಲ. ಅದನ್ನು ತಿರುಗಿಸಿ ನೋಡಿ: ಕಣಕಾಲಿನ ಮಟ್ಟದಲ್ಲಿ ಒಳಗಿನಿಂದ ನೆನೆದ, ನಾಲ್ಕಾಣೆಯಷ್ಟು ಅಗಲದ ಕಲೆ, ನಡುವೆ ಗಾಢ, ಸುತ್ತ ತೆಳು. ಇನ್ನೊಂದು ಮಾತು, ಹೀಗೆ ಜಿನುಗಿದ ರಕ್ತ ಬೇಗ ಹೆಪ್ಪುಗಟ್ಟದ ಕಾರಣ, ಹೆಪ್ಪು ನೋಡಿ ಸಮಯ ಹೇಳುವ ಲೆಕ್ಕವೂ ಇದರ ಮೇಲೆ ನಡೆಯದು.

ಹಂದಿ, ಕೋಳಿ ಕಡಿದ ಕಲೆಗಳಿಗೆ ಒಂದು ಜಾಗ ಇರುತ್ತದೆ: ಕಡಿಯುವ ಮರದ ದಿಮ್ಮಿ, ಅದರ ಹಿಂದಿನ ಗೋಡೆಯ ಕೆಳಭಾಗ, ಕತ್ತಿ ನೇತುಹಾಕುವ ಮೊಳೆಯ ಕೆಳಗೆ. ಕತ್ತಿ ಎತ್ತಿ ಇಳಿಸುವಾಗ ಚಿಮ್ಮಿದ ಹನಿಗಳು ಸಾಲಾಗಿ ಬಿದ್ದಿರುತ್ತವೆ, ಹಲ್ಲೆಯಲ್ಲಿ ಆಯುಧದಿಂದ ಚಿಮ್ಮಿದ ಸಾಲಿಗೂ ಇದಕ್ಕೂ ಆಕಾರದಲ್ಲಿ ವ್ಯತ್ಯಾಸ ಸಿಗುವುದಿಲ್ಲ. ಆಕಾರ ನೋಡಿ ತೀರ್ಮಾನಿಸಬೇಡಿ, ಮಾದರಿ ತೆಗೆದು ಯಾವ ಪ್ರಾಣಿಯದ್ದೆಂದು ಲ್ಯಾಬ್‌ನಲ್ಲಿ ತಿಳಿದುಕೊಳ್ಳಿ.

ಪರೀಕ್ಷೆ ಗುಲಾಬಿ ಬಂತು, ಲ್ಯಾಬ್ ಮಾತ್ರ ರಕ್ತವಲ್ಲ ಎಂದಿತು

ಸ್ಥಳದಲ್ಲಿ ಮಾಡುವ ಕಾಸ್ಟಲ್-ಮೇಯರ್ ಪರೀಕ್ಷೆ ರಕ್ತವನ್ನು ಗುರುತಿಸುವುದಿಲ್ಲ, ಹೀಮೋಗ್ಲೋಬಿನ್ ಮಾಡುವ ಒಂದು ಕೆಲಸವನ್ನು ಗುರುತಿಸುತ್ತದೆ. ಅದೇ ಕೆಲಸ ಮಾಡುವ ಬೇರೆ ವಸ್ತುಗಳೂ ಇವೆ.

ಮೊದಲು ಕ್ರಮ ಸರಿಯಿದೆಯೇ ನೋಡಿ. ಸ್ವಾಬ್ ಮೇಲೆ ಒಂದು ಹನಿ ಆಲ್ಕೋಹಾಲ್, ಆಮೇಲೆ ಒಂದು ಹನಿ ಕಾಸ್ಟಲ್-ಮೇಯರ್ ದ್ರಾವಣ, ಕೆಲವು ಸೆಕೆಂಡು ಕಾಯುವುದು, ಕೊನೆಗೆ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಹಾಕುವ ಮೊದಲೇ ಗುಲಾಬಿಯಾದರೆ ಅಲ್ಲಿ ಬ್ಲೀಚಿಂಗ್ ಪೌಡರ್‌ನಂಥದ್ದೇನೋ ಇದೆ, ಫಲಿತಾಂಶ ರದ್ದು. ಹಾಕಿದ ಕೂಡಲೇ ಗಾಢ ಗುಲಾಬಿಯಾದರೆ ರಕ್ತ ಇರಬಹುದು. ಒಂದು ನಿಮಿಷ ಬಿಟ್ಟು ನಿಧಾನಕ್ಕೆ ಬಣ್ಣ ಏರಿದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಗಾಳಿಗೇ ಆ ದ್ರಾವಣ ಬಣ್ಣ ತಿರುಗುತ್ತದೆ. ಸೀಸೆಯಲ್ಲೇ ನಸುಗುಲಾಬಿಯಾಗಿದ್ದರೆ ದ್ರಾವಣ ಕೆಟ್ಟಿದೆ.

ಕ್ರಮ ಸರಿಯಿದ್ದೂ ತಪ್ಪು ಗುಲಾಬಿ ಬರುವ ಜಾಗಗಳು ಕೊಡಗಿನಲ್ಲಿ ಬೇಕಾದಷ್ಟು. ಕಾಳುಮೆಣಸಿಗೂ ಅಡಿಕೆಗೂ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತು ತಾಮ್ರದ ಲವಣ, ತಾಮ್ರ ಈ ಪರೀಕ್ಷೆಯನ್ನು ಮೋಸಗೊಳಿಸುತ್ತದೆ. ಸಿಂಪಡಣೆಯ ಕ್ಯಾನು, ಗಮ್‌ಬೂಟು, ಮೆಣಸು ಕೊಯ್ಯುವ ಏಣಿ, ಕಪಾತು (ಗಿಡ ಸವರುವ) ಕತ್ತಿಯ ಹಿಡಿ, ಇವುಗಳ ಮೇಲಿನ ಗುಲಾಬಿಯನ್ನು ನಂಬುವ ಮೊದಲು ಕಲೆಯಿಲ್ಲದ ಪಕ್ಕದ ಜಾಗದಿಂದ ಇನ್ನೊಂದು ಸ್ವಾಬ್ ತೆಗೆದು ಪರೀಕ್ಷಿಸಿ. ಅದೂ ಗುಲಾಬಿಯಾದರೆ ಕಾರಣ ಕಲೆಯಲ್ಲಿಲ್ಲ, ಹಿಡಿಯಲ್ಲಿದೆ. ತುಕ್ಕು ಹಿಡಿದ ಕತ್ತಿ, ಈಗಷ್ಟೇ ತರಕಾರಿ ಹೆಚ್ಚಿದ ಹಲಗೆ ಇವಕ್ಕೂ ಇದೇ ಉಪಾಯ. ಪಕ್ಕದ ಜಾಗದ ಸ್ವಾಬಿಗೆ ಖರ್ಚು ಒಂದು ಹತ್ತಿಕಡ್ಡಿ. ಅದನ್ನು ಬಿಟ್ಟುಬಿಡುವವರೇ ಹೆಚ್ಚು ಎಂಬುದು ಬೇಸರದ ಮಾತು.

ರಕ್ತ ತಾಗಿದರೆ ಕತ್ತಲಲ್ಲಿ ಹೊಳೆಯುವ ಲ್ಯೂಮಿನಾಲ್ ಹೊಡೆದಾಗ ಅಂಗಳವೇ ಹೊಳೆದರೆ ಖುಷಿಪಡಬೇಡಿ. ಮಳೆಗಾಲದಲ್ಲಿ ಪಾಚಿ ತೆಗೆಯಲು ಅಂಗಳಕ್ಕೂ ಮೆಟ್ಟಿಲಿಗೂ ಬ್ಲೀಚಿಂಗ್ ಪೌಡರ್ ಉಜ್ಜುವುದು ವಾಡಿಕೆ. ಬ್ಲೀಚಿನ ಹೊಳಪು ಥಟ್ಟನೆ ಮಿನುಗಿ ಬೇಗ ಆರುತ್ತದೆ, ರಕ್ತದ್ದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಈ ವ್ಯತ್ಯಾಸ ಹಿಡಿಯಲು ಪಳಗಿದ ಕಣ್ಣು ಬೇಕು. ಒಣಗಿ ಒಂದೆರಡು ದಿನ ಕಳೆದರೆ ಬ್ಲೀಚಿನ ಮಿನುಗು ಬಹಳಷ್ಟು ಇಳಿಯುತ್ತದೆ. ಲ್ಯೂಮಿನಾಲ್ ನೀರಿನ ದ್ರಾವಣ, ಹೊಡೆದ ಮೇಲೆ ಕಲೆಯ ಅಂಚು ಹರಿದುಹೋಗುತ್ತದೆ. ಕಣ್ಣಿಗೆ ಕಾಣುವ ಕಲೆಗಳ ಫೋಟೋ, ಅಳತೆ ಎಲ್ಲ ಮುಗಿದ ಮೇಲೆಯೇ ಅದರ ಸರದಿ.

ತಪ್ಪು ಗುಲಾಬಿಯಲ್ಲ ಎಂದಾದ ಮೇಲೂ ಮಾನವ ಹೀಮೋಗ್ಲೋಬಿನ್ ಸ್ಟ್ರಿಪ್‌ನಲ್ಲಿ ಗೆರೆ ಬರದಿದ್ದರೆ ಎರಡು ದಾರಿ. ಪ್ರಾಣಿಯ ರಕ್ತ ಇರಬಹುದು. ಅಥವಾ ಮಾದರಿ ತೀರಾ ಗಟ್ಟಿಯಾಗಿ ಸ್ಟ್ರಿಪ್ ಉಸಿರುಕಟ್ಟಿರಬಹುದು, ರಕ್ತ ಅತಿಯಾದರೂ ಗೆರೆ ಮೂಡುವುದಿಲ್ಲ. ಮಾದರಿಯನ್ನು ಇನ್ನಷ್ಟು ತೆಳು ಮಾಡಿ ಮತ್ತೊಮ್ಮೆ ಹಾಕಿ. ಆಗಲೂ ಗೆರೆ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಿ, ಮುಂದಿನದ್ದು ಎಫ್‌ಎಸ್‌ಎಲ್‌ನ (ವಿಧಿವಿಜ್ಞಾನ ಪ್ರಯೋಗಾಲಯದ) ಕೆಲಸ.

ದೀಪದ ಸುತ್ತ, ಕಿಟಕಿ ಗಾಜಿನ ಮೇಲೆ ಮಾತ್ರ ಸೂಜಿಮೊನೆಯಷ್ಟು ಚುಕ್ಕೆಗಳು

ನೊಣ. ನೂರಕ್ಕೆ ನೂರು ಅಲ್ಲ, ಆದರೆ ಮೊದಲು ಅದನ್ನೇ ತಳ್ಳಿಹಾಕಬೇಕು. ರಕ್ತ ಹೀರಿದ ನೊಣ ಬೆಳಕಿನ, ಬಿಸಿಯ ಜಾಗದಲ್ಲಿ ಕೂತು ಕಕ್ಕುತ್ತದೆ, ಹಿಕ್ಕೆ ಹಾಕುತ್ತದೆ. ಐನ್‌ಮನೆಯಲ್ಲಾದರೆ (ಕೊಡವ ಕುಟುಂಬದ ಮೂಲಮನೆ) ನೆಲ್ಲಕ್ಕಿ ನಡುಬಾಡೆ ಎಂಬ ನಡುಕೋಣೆಯ ತೂಗುದೀಪದ ಸರಪಳಿ, ಲೈನ್‌ಮನೆಯಲ್ಲಾದರೆ (ತೋಟದ ಕೆಲಸಗಾರರ ಸಾಲುಮನೆ) ಬಲ್ಬ್ ಹೋಲ್ಡರ್ ಮತ್ತು ವೈರು.

ಭೂತಗನ್ನಡಿಯಲ್ಲಿ ನೋಡಿ. ಗಾಯದಿಂದ ಸಿಡಿದ ಹನಿಗಳ ಬಾಲಗಳು ಒಂದು ದಿಕ್ಕಿನಿಂದ ಹೊರಟಂತೆ ಬೀಸಣಿಗೆಯಾಗಿ ಹರಡಿರುತ್ತವೆ. ನೊಣದ ಚುಕ್ಕೆಗಳಿಗೆ ದಿಕ್ಕೇ ಇಲ್ಲ: ಒಂದರ ಬಾಲ ಮೇಲೆ, ಪಕ್ಕದ್ದರ ಬಾಲ ಎಡಕ್ಕೆ. ಬಾಲ ತಲೆಗಿಂತ ಉದ್ದ, ಗೊದಮೊಟ್ಟೆಯ ಹಾಗೆ. ಕೆಲವು ಚುಕ್ಕೆಗಳ ನಡುವೆ ಹೀರಿದ ಕುಳಿ ಇರುತ್ತದೆ. ಇಂಥ ಚುಕ್ಕೆ ರಕ್ತದ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಡಿಎನ್‌ಎಯಲ್ಲೂ ಸತ್ತವರದ್ದೇ ಬರಬಹುದು. ಹಾಗಾಗಿ ಲ್ಯಾಬ್ ವರದಿ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಜಾಗ ಮತ್ತು ಆಕಾರವೇ ಗತಿ. ಅನುಮಾನವಿರುವ ಚುಕ್ಕೆಯನ್ನು ಕೋನದ ಲೆಕ್ಕಕ್ಕೆ ಸೇರಿಸಬೇಡಿ.

ರಕ್ತದ ಮಡುವಿನ ಪಕ್ಕದ ಗೋಡೆಯಲ್ಲಿ, ಮೊಣಕಾಲಿಗಿಂತ ಕೆಳಗೆ, ಸಣ್ಣ ಸಿಡಿತ

ಇದನ್ನು ನೋಡಿ "ಬಿದ್ದವರ ಮೇಲೆ ಮತ್ತೆ ಹೊಡೆದಿದ್ದಾರೆ" ಎಂದು ಬರೆಯುವ ಆಸೆ ಆಗುತ್ತದೆ. ತಡೆಯಿರಿ. ತಲೆಯೆತ್ತಿ ಮಾಡು ನೋಡಿ.

ಹೆಂಚಿನ ಮನೆಯಲ್ಲಿ ಒಂದು ಹೆಂಚು ಸರಿದಿದ್ದರೆ ಸಾಕು, ಸೋರುವ ನೀರು ಮಡುವಿನ ಮೇಲೆ ಹನಿಹನಿಯಾಗಿ ಬೀಳುತ್ತದೆ. ಪ್ರತಿ ಹನಿಯೂ ಮಡುವಿನಿಂದ ಸಣ್ಣ ಹನಿಗಳನ್ನು ಸುತ್ತ ಚಿಮ್ಮಿಸುತ್ತದೆ. ಗಾಯದಿಂದಲೇ ರಕ್ತ ಮಡುವಿಗೆ ತೊಟ್ಟಿಕ್ಕಿದರೂ ಹೀಗೇ ಆಗುತ್ತದೆ. ಎರಡೂ ಹೊಡೆತದ ಸಿಡಿತದಂತೆಯೇ ಕಾಣುತ್ತವೆ. ಬೇರ್ಪಡಿಸುವುದು ಹೀಗೆ: ತೊಟ್ಟಿಕ್ಕಿದ ಸಿಡಿತ ಮಡುವಿನ ಒಂದು ಬಿಂದುವಿನ ಸುತ್ತ ಎಲ್ಲ ಕಡೆಗೂ ಹರಡಿರುತ್ತದೆ, ಎತ್ತರಕ್ಕೆ ಹೋಗುವುದಿಲ್ಲ. ನೀರಿನಿಂದಾದದ್ದು ಮಾಸಲು, ನಡುವೆ ತೆಳುವಾಗಿ ಅಂಚಿನಲ್ಲಿ ಗಾಢ ಉಂಗುರ ಕಟ್ಟಿರುತ್ತದೆ. ಮಡುವಿನಲ್ಲೇ ಆ ಜಾಗದಲ್ಲಿ ಬಣ್ಣ ತೆಳುವಾಗಿರುತ್ತದೆ. ಸೋರುವ ಬಿಂದುವಿನಿಂದ ತೂಕದ ಗುಂಡು ಇಳಿಬಿಟ್ಟು ಅದು ಮಡುವಿನಲ್ಲಿ ಎಲ್ಲಿ ತಾಗುತ್ತದೆಂದು ಫೋಟೋ ತೆಗೆಯಿರಿ. ಮಳೆ ನಿಂತಿದ್ದರೆ ಹೆಂಚಿನ ಒಳಮೈ, ಪಕಾಸಿನ ಮೇಲಿನ ನೀರಿನ ಜಾಡು ನೋಡಿ.

ಹೊರಗಡೆ ಸೂರಿನ ನೀರು ಬೀಳುವ ಸಾಲಿನಲ್ಲಿ ಕಂಡ ಯಾವ ಸಿಡಿತವನ್ನೂ ಅಳೆಯಲು ಹೋಗಬೇಡಿ.

ಒಂದೇ ಕಲೆ, ಎರಡು ಸಲ ಅಳೆದರೆ ಎರಡು ಕೋನ

ಅಳತೆಯ ಕೈ ದೂರುವ ಮೊದಲು ಫೋಟೋ ನೋಡಿ. ಕ್ಯಾಮೆರಾ ಗೋಡೆಗೆ ನೇರ ಲಂಬವಾಗಿರಬೇಕು. 20 ಡಿಗ್ರಿ ಓರೆಯಾಗಿ ತೆಗೆದರೆ ದುಂಡಗಿನ ಕಲೆ ಫೋಟೋದಲ್ಲಿ ಮೊಟ್ಟೆಯಾಕಾರವಾಗುತ್ತದೆ, ಅಗಲ-ಉದ್ದದ ಅನುಪಾತ 0.94ಕ್ಕೆ ಇಳಿಯುತ್ತದೆ, ನೆಟ್ಟಗೆ ಬಂದು ಬಡಿದ ಹನಿ 70 ಡಿಗ್ರಿಯಲ್ಲಿ ಬಂದಂತೆ ಲೆಕ್ಕ ಬರುತ್ತದೆ. ದುಂಡು ಕಲೆಯ ಮಟ್ಟಿಗೆ ಕ್ಯಾಮೆರಾದ ಓರೆ ಎಷ್ಟೋ ಕೋನದ ತಪ್ಪು ಅಷ್ಟೇ. ಪತ್ತೆಹಚ್ಚಲು ಎಲ್ ಆಕಾರದ ಅಳತೆಪಟ್ಟಿಯನ್ನು ಕಲೆಯ ಪಕ್ಕ, ಗೋಡೆಗೆ ಅಂಟಿದ ಹಾಗೆ ಇಟ್ಟು ತೆಗೆಯಬೇಕು. ಫೋಟೋದಲ್ಲಿ ಪಟ್ಟಿಯ ಎರಡು ಕೈಗಳ ಸೆಂಟಿಮೀಟರ್ ಒಂದೇ ಉದ್ದ ಬರದಿದ್ದರೆ, ಅಥವಾ ಪಟ್ಟಿಯ ಮೇಲಿನ ವೃತ್ತ ವೃತ್ತವಾಗಿ ಕಾಣದಿದ್ದರೆ, ಆ ಫೋಟೋದಿಂದ ಅಳೆಯಬೇಡಿ.

ಫೋಟೋ ಸರಿಯಿದ್ದರೆ ಮುಂದಿನ ಶಂಕೆ ಬಾಲ. ಅಳೆಯಬೇಕಾದದ್ದು ಮೊಟ್ಟೆಯಾಕಾರವನ್ನು ಮಾತ್ರ, ಅದರಿಂದ ಹೊರಟ ಬಾಲವನ್ನಲ್ಲ. 4 ಮಿ.ಮೀ. ಅಗಲ, 8 ಮಿ.ಮೀ. ಉದ್ದದ ಕಲೆಗೆ ಅನುಪಾತ 0.5, ಕೋನ 30 ಡಿಗ್ರಿ. 3 ಮಿ.ಮೀ. ಬಾಲವನ್ನೂ ಸೇರಿಸಿ 11 ಎಂದು ಅಳೆದರೆ ಕೋನ 21 ಡಿಗ್ರಿಗೆ ಕುಸಿಯುತ್ತದೆ. ಈ ಕಲೆ ನೆಲದ ಮೇಲೆ, ಹನಿಗಳ ದಾರಿಗಳು ಕೂಡುವ ಜಾಗದಿಂದ 1 ಮೀಟರ್ ದೂರದಲ್ಲಿದ್ದರೆ ರಕ್ತ ಹೊರಟ ಎತ್ತರ 58 ಸೆಂ.ಮೀ. ಬದಲು 39 ಎಂದು ಬರುತ್ತದೆ.

ಮೂರನೆಯದು, ಕಲೆಯೇ ಅಳತೆಗೆ ಒಲ್ಲದ್ದು. ಹೆಚ್ಚುಕಡಿಮೆ ದುಂಡಗಿರುವ ಕಲೆಗಳು ಕೋನ ಹೇಳುವುದಿಲ್ಲ. 8 ಮಿ.ಮೀ. ಉದ್ದ, 7.8 ಅಗಲ ಇದ್ದರೆ 77 ಡಿಗ್ರಿ. ಕ್ಯಾಲಿಪರ್ ಹಿಡಿದ ಕೈ 0.2 ಮಿ.ಮೀ. ಆಚೆ ಸರಿದರೆ 90, ಈಚೆ ಸರಿದರೆ 72. ಅದೇ 1 ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ರಕ್ತ 3 ಮೀಟರ್ ಎತ್ತರದಿಂದ ಹಿಡಿದು ಆಕಾಶದವರೆಗೆ ಎಲ್ಲಿಂದ ಬೇಕಾದರೂ ಬಂದಿರಬಹುದು ಎಂದಾಗುತ್ತದೆ! ಅದೇ 0.2 ಮಿ.ಮೀ. ತಪ್ಪು 30 ಡಿಗ್ರಿಯ ಕಲೆಯಲ್ಲಿ ಎರಡು ಡಿಗ್ರಿಯನ್ನೂ ಅಲುಗಿಸದು. ಆದ್ದರಿಂದ 60 ಡಿಗ್ರಿ ದಾಟಿದ ಕಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸುಣ್ಣ ಹೊಡೆದ ಮಣ್ಣಿನ ಗೋಡೆ, ಒರಟು ಸಿಮೆಂಟ್, ಎಳೆ ಎದ್ದ ಮರ ಇವುಗಳ ಮೇಲೆ ಅಂಚು ಹರಿದಿದ್ದರೆ ಅವೂ ಬೇಡ. ಪಾಲಿಶ್ ಮಾಡಿದ ಬೀಟೆ ಕಂಬ, ಟೈಲ್ಸ್, ಗಾಜು, ಪೇಂಟ್ ಬಳಿದ ಬಾಗಿಲು ಒಳ್ಳೆಯವು.

ಕೆಂಪು ನೆಲದ ಮೇಲೆ ಕಲೆಯ ಅಂಚೇ ಕಾಣುತ್ತಿಲ್ಲ

ಕೆಂಪು ಗಾರೆಯ ನೆಲದ ಬಣ್ಣ ಕಬ್ಬಿಣದ ಆಕ್ಸೈಡ್. ಟಾರ್ಚನ್ನು ನೆಲಕ್ಕೆ ಒರಗಿಸಿ ಓರೆ ಬೆಳಕು ಹಾಯಿಸಿದರೆ ಒಣ ರಕ್ತದ ಹೊಳಪು ಬೇರೆಯಾಗಿ ಕಾಣುತ್ತದೆ, ಬಹಳ ಸಲ ಇಷ್ಟೇ ಸಾಕು. ಸಾಲದಿದ್ದರೆ 415 ನ್ಯಾನೋಮೀಟರ್ ನೇರಳೆ ಬೆಳಕು ಮತ್ತು ಹಳದಿ ಫಿಲ್ಟರ್, ಅಲ್ಲಿ ರಕ್ತ ಬೆಳಕು ಹೀರಿ ಕಪ್ಪಾಗುತ್ತದೆ. ಇಂಥ ನೆಲದಲ್ಲಿ ಲ್ಯೂಮಿನಾಲ್ ಬಳಸಿದರೆ ಕಲೆಯಿಲ್ಲದ ಮೂಲೆಯಲ್ಲೊಮ್ಮೆ ಹೊಡೆದು ಹಿನ್ನೆಲೆಯ ಹೊಳಪು ಎಷ್ಟೆಂದು ಮೊದಲು ನೋಡಿ.

ದಾರಗಳು ಒಂದೆಡೆ ಸೇರುತ್ತಿಲ್ಲ, ಸೇರಿದರೂ ಎತ್ತರ ನಂಬುವಂತಿಲ್ಲ

ಪ್ರತಿ ಕಲೆಯಿಂದ ಅದರ ಕೋನಕ್ಕೆ ಸರಿಯಾಗಿ ದಾರ ಎಳೆದು, ದಾರಗಳು ಕೂಡುವಲ್ಲಿ ರಕ್ತ ಹೊರಟಿತು ಎನ್ನುವುದು ಹಳೆಯ ವಿಧಾನ. ಈಗ ಕಂಪ್ಯೂಟರ್ ಅದನ್ನೇ ಮಾಡುತ್ತದೆ, ತಪ್ಪನ್ನೂ ಅಷ್ಟೇ ಚೆಂದವಾಗಿ ಬಣ್ಣ ಹಾಕಿ ತೋರಿಸುತ್ತದೆ.

ದಾರಗಳು ಎರಡು ಗುಂಪಾಗಿ ಎರಡು ಕಡೆ ಸೇರಿದರೆ ಎರಡು ಹೊಡೆತ ಅಥವಾ ಎರಡು ಜಾಗ ಇರಬಹುದು. ಎಲ್ಲೆಂದರಲ್ಲಿ ಹರಡಿದರೆ ಕಲೆಗಳ ಆಯ್ಕೆ ಕೆಟ್ಟಿದೆ: ಆಯುಧದಿಂದ ಚಿಮ್ಮಿದ್ದು, ತೊಟ್ಟಿಕ್ಕಿದ್ದು, ನೊಣದ್ದು ಸೇರಿಕೊಂಡಿವೆ. ಹಳೆಯ ಮನೆಗಳಲ್ಲಿ ಗೋಡೆಯೇ ವಾಲಿರುತ್ತದೆ, ನೆಲ ಬಾಗಿಲತ್ತ ಇಳಿಜಾರಾಗಿರುತ್ತದೆ. ಕೋನ ಆ ಗೋಡೆಗೆ ಹೋಲಿಸಿದ್ದು ಎಂಬುದನ್ನು ಮರೆತು ಗೋಡೆ ನೆಟ್ಟಗಿದೆ ಎಂದುಕೊಂಡರೆ ಎಲ್ಲ ದಾರಗಳೂ ಒಂದೇ ಕಡೆ ವಾಲುತ್ತವೆ. ತೂಕದ ಗುಂಡು, ರಸಮಟ್ಟ ಹಿಡಿದು ಗೋಡೆ-ನೆಲಗಳ ಓರೆಯನ್ನು ಮೊದಲೇ ಬರೆದುಕೊಳ್ಳಿ.

ಇನ್ನು ಎತ್ತರ. ದಾರ ನೇರ, ಹನಿಯ ದಾರಿ ನೇರವಲ್ಲ. ಹಾರುವ ಹನಿಯನ್ನು ಭೂಮಿ ಕೆಳಗೆ ಎಳೆಯುತ್ತಲೇ ಇರುತ್ತದೆ, ಗಾಳಿ ತಡೆಯುತ್ತದೆ. ಹನಿ ಬಡಿದ ಕ್ಷಣದ ದಿಕ್ಕನ್ನು ಹಿಂದಕ್ಕೆ ನೇರ ಎಳೆದರೆ ನಿಜವಾದ ಜಾಗಕ್ಕಿಂತ ಮೇಲೆಯೇ ತಲುಪುತ್ತೇವೆ. ಎಷ್ಟು ಮೇಲೆ? ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಅಡ್ಡಲಾಗಿ ಹೊರಟ ಹನಿ 2 ಮೀಟರ್ ದೂರದ ಗೋಡೆ ಮುಟ್ಟಲು 0.2 ಸೆಕೆಂಡ್, ಅಷ್ಟರಲ್ಲಿ 20 ಸೆಂ.ಮೀ. ಇಳಿದಿರುತ್ತದೆ. ದಾರ ಮಾತ್ರ ಗೋಡೆಯ ಕಲೆಗಿಂತ 40 ಸೆಂ.ಮೀ. ಮೇಲೆ ತೋರಿಸುತ್ತದೆ. ವೇಗ 5 ಮೀಟರ್ ಆಗಿದ್ದರೆ ತಪ್ಪು 20ರಿಂದ 78 ಸೆಂ.ಮೀ.ಗೆ ಜಿಗಿಯುತ್ತದೆ. ಕೂತವರನ್ನು ನಿಂತವರನ್ನಾಗಿ ಮಾಡಲು ಇದು ಧಾರಾಳ ಸಾಕು. ಇದು ಗಾಳಿಯ ತಡೆ ಬಿಟ್ಟು ಹಾಕಿದ ಲೆಕ್ಕ, ಹೊರಟ ವೇಗ ಎಷ್ಟೆಂದು ಕಲೆ ನಮಗೆ ಹೇಳುವುದೂ ಇಲ್ಲ.

ಪರಿಹಾರ ಅರ್ಧ ಮಾತ್ರ ಇದೆ. ಮೇಲ್ಮುಖವಾಗಿ ಹಾರುತ್ತಾ ಗೋಡೆಗೆ ಬಡಿದ, ಹತ್ತಿರದ ಕಲೆಗಳನ್ನು ಆರಿಸಿ, ಅವುಗಳಲ್ಲಿ ಬಾಗು ಕಡಿಮೆ. ಎಡದಿಂದ ಬಲದಿಂದ ಎರಡೂ ಕಡೆಯ ಹತ್ತು-ಹದಿನೈದು ಕಲೆ ಬೇಕು. ಬಂದ ಎತ್ತರವನ್ನು "ಇದಕ್ಕಿಂತ ಮೇಲಲ್ಲ" ಎಂಬ ಮೇಲ್ಮಿತಿಯಾಗಿ ಬರೆಯಿರಿ. ವರದಿಯಲ್ಲಿ "ನೆಲದಿಂದ 92 ಸೆಂ.ಮೀ." ಎಂದು ಒಂದೇ ಅಂಕಿ ಕಂಡರೆ ವಕೀಲರು ಅಲ್ಲೇ ಬೆರಳಿಡಬೇಕು. ಕೂತಿದ್ದರೇ ನಿಂತಿದ್ದರೇ ಎಂಬ ಪ್ರಶ್ನೆಯ ಮೇಲೆ ಕೇಸು ನಿಂತಿದ್ದರೆ ಠಾಣೆಯ ಮಟ್ಟದಲ್ಲಿ ದಾರ ಎಳೆಯಲೇಬೇಡಿ, ಗೋಡೆಯನ್ನು ಹಾಗೇ ಕಾಯ್ದು ತಜ್ಞರನ್ನು ಕರೆಸಿ.

"1 ಮಿ.ಮೀ.ಗಿಂತ ಚಿಕ್ಕ ಹನಿ, ಆದ್ದರಿಂದ ಗುಂಡೇಟು"

ಕಡಿಮೆ ವೇಗ, ಮಧ್ಯಮ ವೇಗ, ಅಧಿಕ ವೇಗ ಎಂದು ಹನಿಯ ಗಾತ್ರದಿಂದ ವಿಂಗಡಿಸುವ ಪದ್ಧತಿಯನ್ನು ಈ ಕ್ಷೇತ್ರದವರೇ ಕೈಬಿಟ್ಟಿದ್ದಾರೆ. ಹಳೆಯ ಪಠ್ಯ ಓದಿದವರ ವರದಿಯಲ್ಲಿ ಇನ್ನೂ ನುಸುಳುತ್ತದೆ. ಅಷ್ಟೇ ಚಿಕ್ಕ ಹನಿಗಳನ್ನು ಕೆಮ್ಮು ಮಾಡುತ್ತದೆ, ನೊಣ ಮಾಡುತ್ತದೆ, ಮಡುವಿಗೆ ತೊಟ್ಟಿಕ್ಕಿದ ಹನಿಯೂ ಮಾಡುತ್ತದೆ. ಬಾಯಿ, ಮೂಗಿನಿಂದ ಉಸಿರಿನ ಜೊತೆ ಬಂದ ರಕ್ತದಲ್ಲಿ ಗಾಳಿಗುಳ್ಳೆ ಒಡೆದ ಉಂಗುರ, ಲೋಳೆಯ ಎಳೆ, ತೆಳು ಬಣ್ಣ ಹುಡುಕಿ. ಇವು ಕಾಣದಿದ್ದರೂ ಕೆಮ್ಮಲ್ಲ ಎನ್ನುವಂತಿಲ್ಲ, ಬಾಯಿಯೊಳಗೆ ಗಾಯವಿತ್ತೇ ಎಂದು ಮರಣೋತ್ತರ ವರದಿ ನೋಡಿ. ಗುಂಡೇಟಿನಲ್ಲಿ ಕೋವಿಯವರ ಕಡೆಗೆ ಹಿಮ್ಮುಖ ಸಿಡಿತ ಆಗಲೇಬೇಕೆಂದೇನೂ ಇಲ್ಲ. ಅಂಗಿ ಸ್ವಚ್ಛವಾಗಿದೆ ಎಂದಮಾತ್ರಕ್ಕೆ ಅವರು ಹೊಡೆದಿಲ್ಲ ಎಂದಾಗದು.

ಇದೇ ಜಾತಿಯ ಇನ್ನೊಂದು ತಪ್ಪು, ದುಂಡು ಹನಿಯ ಅಗಲದಿಂದ ಎತ್ತರ ಹೇಳುವುದು. ಎತ್ತರದಿಂದ ಬಿದ್ದಷ್ಟೂ ಕಲೆ ಅಗಲವಾಗುವುದು ನಿಜ, ಒಂದು ಮಿತಿಯವರೆಗೆ. ಆದರೆ ಕಪಾತು ಕತ್ತಿಯ ಮೊನೆಯಿಂದ ಬೀಳುವ ಹನಿ ಚಿಕ್ಕದು, ದೊಣ್ಣೆಯ ತುದಿಯಿಂದ ಬೀಳುವುದು ದೊಡ್ಡದು. ಹನಿಯ ಗಾತ್ರ ಗೊತ್ತಿಲ್ಲದೆ ಎತ್ತರ ಹೇಳುವುದು ಬರೀ ಊಹೆ.

ರಕ್ತ ಇನ್ನೂ ಹಸಿ, ಘಟನೆ ನಿನ್ನೆಯದ್ದು ಎನ್ನುತ್ತಾರೆ

ಹೆಪ್ಪುಗಟ್ಟುವುದು ಬೇರೆ, ಒಣಗುವುದು ಬೇರೆ. ಮೈಯಿಂದ ಹೊರಬಂದ ರಕ್ತ ಸಾಮಾನ್ಯವಾಗಿ ಕೆಲವು ನಿಮಿಷಗಳಲ್ಲಿ ಹೆಪ್ಪುಗಟ್ಟತೊಡಗುತ್ತದೆ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ತಡ. ಒಣಗುವುದು ಗಾಳಿಯ ತೇವ, ಕಲೆಯ ದಪ್ಪ, ಗಾಳಿಯಾಟ, ಮೇಲ್ಮೈ ಇವುಗಳ ಕೈಯಲ್ಲಿದೆ. ಜುಲೈನಲ್ಲಿ ಭಾಗಮಂಡಲದ ಕಡೆ ಒಗೆದ ಬಟ್ಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುತ್ತಾರೆ. ಅಂಥ ಗಾಳಿಯಲ್ಲಿ ದಪ್ಪ ಮಡು ಮರುದಿನವೂ ಹಸಿಯಿದ್ದರೆ ಆಶ್ಚರ್ಯವಿಲ್ಲ. ಬಯಲುಸೀಮೆಯ ಅಥವಾ ಹವಾನಿಯಂತ್ರಿತ ಲ್ಯಾಬಿನ ಒಣಗುವ ಸಮಯವನ್ನು ಇಲ್ಲಿಗೆ ತಂದು ಹೊಂದಿಸಬೇಡಿ. ಸ್ಥಳಕ್ಕೆ ಹೋದ ಕೂಡಲೇ ಕೋಣೆಯ ಉಷ್ಣತೆ, ತೇವಾಂಶ ಅಳೆದು ಬರೆಯಿರಿ, ಇನ್ನೂರು-ಮುನ್ನೂರು ರೂಪಾಯಿಯ ಮೀಟರ್ ಸಾಕು. ಒಲೆ ಉರಿಯುತ್ತಿತ್ತೇ, ಫ್ಯಾನ್ ಓಡುತ್ತಿತ್ತೇ ಅದನ್ನೂ.

ಬಟ್ಟೆಯ ಮೇಲಿನ ಕಲೆಯಿಂದ ಯಾವ ತೀರ್ಮಾನಕ್ಕೂ ಬರಲಾಗುತ್ತಿಲ್ಲ

ಬರಲೇಬೇಕೆಂದಿಲ್ಲ. ನೂಲು ರಕ್ತವನ್ನು ಎಳೆದುಕೊಂಡು ಹೋಗುತ್ತದೆ, ಆಕಾರ ನೇಯ್ಗೆಯದ್ದಾಗುತ್ತದೆ. ಹಾರಿ ಬಂದ ಹನಿಯೂ ಮುಟ್ಟಿ ಹತ್ತಿದ ಚುಕ್ಕೆಯೂ ಬಟ್ಟೆಯ ಮೇಲೆ ಒಂದೇ ಥರ ಕಾಣಬಹುದು. 2016ರಲ್ಲಿ ಪ್ರಕಟವಾದ ಜೋಡಿ ಅಧ್ಯಯನದಲ್ಲಿ ಅನುಭವಿ ವಿಶ್ಲೇಷಕರೇ ಗಟ್ಟಿ ಮೇಲ್ಮೈಯ ಮೇಲೆ ಸುಮಾರು 13 ಶೇಕಡಾ, ಬಟ್ಟೆಯ ಮೇಲೆ ಸುಮಾರು 23 ಶೇಕಡಾ ತಪ್ಪಾಗಿ ವರ್ಗೀಕರಿಸಿದರು. ಅಮೆರಿಕದ ಇಂಡಿಯಾನಾದಲ್ಲಿ ಒಂದು ಟೀ-ಶರ್ಟಿನ ಮೇಲಿದ್ದ 8 ಸಣ್ಣ ಚುಕ್ಕೆಗಳ ಮೇಲೆ ತಜ್ಞರು ಎರಡು ಪಾಳಯವಾದರು, ಹಾರಿ ಬಂದದ್ದು ಎಂದು ಕೆಲವರು, ತಾಗಿ ಹತ್ತಿದ್ದು ಎಂದು ಉಳಿದವರು. ಎರಡು ಸಲ ಶಿಕ್ಷೆಯಾಗಿ, ಎರಡೂ ರದ್ದಾಗಿ, 2013ರ ಮೂರನೇ ವಿಚಾರಣೆಯಲ್ಲಿ ಆರೋಪಿ ಬಿಡುಗಡೆಯಾದರು.

ಗಾಯಾಳುವನ್ನು ಎತ್ತಿ ಜೀಪಿಗೆ ಹಾಕಿದವರ ಅಂಗಿಗೆ ರಕ್ತ ಹತ್ತದೇ ಇರುವುದಿಲ್ಲ. ಯಾರು ಎತ್ತಿದರು, ಯಾವ ಕಡೆ ಹಿಡಿದರು ಎಂಬುದನ್ನು ಅವತ್ತೇ ಬರೆದಿಟ್ಟರೆ ಆಮೇಲಿನ ಅರ್ಧ ಜಗಳ ಇರುವುದಿಲ್ಲ. ಮದುವೆ, ಹಬ್ಬದ ದಿನದ ಘಟನೆಯಾದರೆ ಕಪ್ಪು ಕುಪ್ಯದ (ಕೊಡವ ಗಂಡಸರ ನಿಲುವಂಗಿ) ಮೇಲೆ ಕಣ್ಣಿಗೆ ಏನೂ ಕಾಣದು, ಇನ್‌ಫ್ರಾರೆಡ್ ಫೋಟೋದಲ್ಲಿ ಕಾಣಬಹುದು. ಕೆಂಪು ರೇಷ್ಮೆ ಚೇಲೆಯನ್ನು (ಸೊಂಟಪಟ್ಟಿ) ಮಡಿಚದೆ, ಪದರಗಳ ನಡುವೆ ಬಿಳಿ ಕಾಗದ ಇಟ್ಟು ಬೇರೆಯೇ ಕಟ್ಟಿ. ಹಸಿ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಕಾಗದದ ಮೇಲೆ ಹರಡಿ ಪೂರ್ತಿ ಒಣಗಿಸಿ, ಆಮೇಲೆ ಕಾಗದದ ಕವರು. ಬಿಸಿಲು ಬೇಡ, ಒಲೆಯ ಶಾಖ ಬೇಡ.

ಇಬ್ಬರು ತಜ್ಞರು, ಎರಡು ಮಾತು

ಇದು ಅಪರೂಪವೇನಲ್ಲ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 75 ವಿಶ್ಲೇಷಕರಿಗೆ 192 ಕಲೆ ಮಾದರಿಗಳ ಚಿತ್ರ ಕೊಟ್ಟಾಗ ಸುಮಾರು 11 ಶೇಕಡಾ ಉತ್ತರ ತಪ್ಪಾಗಿದ್ದವು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2009ರ ವರದಿ ಈ ವಿದ್ಯೆಯಲ್ಲಿನ ಅನಿಶ್ಚಿತತೆ ಅಗಾಧ ಎಂದೇ ಹೇಳಿತು.

ಮೊದಲು ನೋಡಬೇಕಾದದ್ದು ಇಬ್ಬರಿಗೂ ಏನೇನು ಮೊದಲೇ ಗೊತ್ತಿತ್ತು ಎಂಬುದು. ಆರೋಪಿಯ ಹೇಳಿಕೆ, ಊರಿನ ಮಾತು, ಹಳೆಯ ಜಾಗದ ತಕರಾರು ಇವನ್ನೆಲ್ಲ ಕೇಳಿ ಕಲೆ ನೋಡಿದರೆ ಕಲೆ ಆ ಕಥೆಯನ್ನೇ ಹೇಳತೊಡಗುತ್ತದೆ. ಎರಡನೆಯವರಿಗೆ ಫೋಟೋ, ಅಳತೆ, ಮೇಲ್ಮೈಯ ವಿವರ, ತೇವಾಂಶ, ಗಾಯಗಳ ಪಟ್ಟಿ ಇಷ್ಟೇ ಕೊಡಿ. ಮೊದಲನೆಯವರ ಅಭಿಪ್ರಾಯ ಕೊಡಬೇಡಿ. ಕಲೆಗೆ ಬೇರೆ ಯಾವ ಕಾರಣಗಳಿರಬಹುದು ಎಂಬ ಪಟ್ಟಿಯನ್ನು, ಪ್ರತಿಯೊಂದನ್ನು ಏಕೆ ತಳ್ಳಿಹಾಕಿದರು ಎಂಬುದನ್ನು ಇಬ್ಬರಿಂದಲೂ ಬರೆಸಿ.

7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ಅದರ ವಿಡಿಯೋ ಆಗಬೇಕು ಎಂದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಮಡಿಕೇರಿಗೆ ಪ್ರಾದೇಶಿಕ ಲ್ಯಾಬ್ ಎಂದರೆ ಮೈಸೂರು ಅಥವಾ ಮಂಗಳೂರು, ಎರಡೂ ಗಂಟೆಗಟ್ಟಲೆಯ ದಾರಿ. ಅವರು ಬರುವವರೆಗೆ ಬಾಗಿಲಿಗೆ ಕಾವಲು, ಸೋರುವ ಜಾಗಕ್ಕೆ ಹೊರಗಿನಿಂದ ಟಾರ್ಪಾಲು, ಕೋಣೆಯೊಳಗೆ ಓಡಾಡಲು ಗೋಡೆಯಂಚಿನಲ್ಲಿ ಒಂದೇ ದಾರಿ. ಇಷ್ಟಾಗಿಯೂ ಇಬ್ಬರ ಮಾತು ಕೂಡದಿದ್ದರೆ ವರದಿಯ ಕೊನೆಯಲ್ಲಿ "ಈ ಕಲೆಗಳಿಂದ ನಿರ್ಣಯಿಸಲಾಗದು" ಎಂದು ಬರೆದು ಸಹಿ ಹಾಕಬೇಕು, ಕೋರ್ಟಿನಲ್ಲೂ ಅದನ್ನೇ ಹೇಳಬೇಕು.